ಸಮುದಾಯ ತೋಟದ ಕೊಯ್ಲಿಗೆ ಕೈಜೋಡಿಸುವುದು ಹೇಗೆ? ಮೊದಲ ಸಲ ಹೋಗುವವರಿಗೊಂದು ಸಮಗ್ರ ಮಾರ್ಗದರ್ಶಿ

ಟೊಮೆಟೊ ತೊಟ್ಟಿನ ನಡುವೆ ಒಂದು ಸಣ್ಣ ಗಂಟು ಇರುತ್ತದೆ. ಹಣ್ಣನ್ನು ಅಂಗೈಯಲ್ಲಿ ತುಂಬಿಕೊಂಡು, ಹೆಬ್ಬೆರಳನ್ನು ಆ ಗಂಟಿನ ಮೇಲೆ ಊರಿ, ಹಣ್ಣನ್ನು ತುಸು ಮೇಲಕ್ಕೆ ಬಾಗಿಸಿದರೆ ಟಕ್ಕೆಂದು ಬಿಡಿಸಿಕೊಳ್ಳುತ್ತದೆ. ಗಿಡ ಅಲುಗುವುದಿಲ್ಲ, ಪಕ್ಕದ ಕಾಯಿ ಉದುರುವುದಿಲ್ಲ. ಈ ಗಂಟಿನ ವಿಷಯ ಗೊತ್ತಿಲ್ಲದವರು ಹಣ್ಣನ್ನು ಹಿಡಿದು ಎಳೆಯುತ್ತಾರೆ. ಆಗ ಹಣ್ಣಿನ ಜೊತೆ ರೆಂಬೆಯೂ ಬರುತ್ತದೆ, ಮುಂದಿನ ವಾರ ಕಾಯಿಯಾಗಬೇಕಿದ್ದ ಹೂಗೊಂಚಲೂ ನೆಲ ಸೇರುತ್ತದೆ. ಮೊದಲ ದಿನ ನಾನೂ ಹಾಗೆಯೇ ಎಳೆದಿದ್ದೆ. ಪಕ್ಕದ ಸಾಲಿನಲ್ಲಿದ್ದ ಹಿರಿಯರೊಬ್ಬರು ಬಂದು, ಒಂದು ಮಾತೂ ಆಡದೆ, ನನ್ನ ಹೆಬ್ಬೆರಳನ್ನು ಹಿಡಿದು ಆ ಗಂಟಿನ ಮೇಲಿಟ್ಟು ತೋರಿಸಿದರು.

ಹಲವರು ಸೇರಿ ಬೆಳೆಯುವ ತೋಟಗಳಲ್ಲಿ ಬಿತ್ತನೆಯ ದಿನಕ್ಕಿಂತ ಕೊಯ್ಲಿನ ದಿನ ಹೆಚ್ಚು ಕೈಗಳು ಬೇಕಾಗುತ್ತವೆ. ಬಿತ್ತನೆಯನ್ನು ಎರಡು ದಿನ ಮುಂದೂಡಬಹುದು, ಹದಕ್ಕೆ ಬಂದ ಬೆಂಡೆಕಾಯಿ ಎರಡು ದಿನ ಕಾಯುವುದಿಲ್ಲ. ಆದ್ದರಿಂದ ಯಾರು ಬಂದರೂ ತೋಟದವರಿಗೆ ಸಂತೋಷವೇ. ಆದರೆ ಬರುವವರು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು: ಕೊಯ್ಯುವಾಗ ತರಕಾರಿಗೆ ತಗಲಿದ ಪೆಟ್ಟು ಆ ಹೊತ್ತಿನಲ್ಲಿ ಕಾಣುವುದಿಲ್ಲ. ಅದು ಕಾಣುವುದು ಎರಡು ಮೂರು ದಿನ ಕಳೆದ ಮೇಲೆ, ಇನ್ಯಾರದೋ ಅಡುಗೆಮನೆಯಲ್ಲಿ, ಕಪ್ಪು ಕಲೆಯಾಗಿಯೋ ಕೊಳೆಯಾಗಿಯೋ. ಕೆಳಗೆ ಹೇಳಿರುವ ಹಂತಗಳೆಲ್ಲ ಆ ಪೆಟ್ಟನ್ನು ತಪ್ಪಿಸುವುದಕ್ಕಾಗಿಯೇ ಇವೆ.

ಹಂತ 1: ಹೋಗುವ ಮುನ್ನ ಕೇಳಿ ತಿಳಿಯಿರಿ

ತೋಟದ ಉಸ್ತುವಾರಿ ನೋಡಿಕೊಳ್ಳುವವರಿಗೆ ಒಂದೆರಡು ದಿನ ಮೊದಲೇ ತಿಳಿಸಿ. ಎಷ್ಟು ಜನ ಬರುತ್ತಾರೆಂಬುದರ ಮೇಲೆ ಅವರು ಸಾಲುಗಳನ್ನು ಹಂಚುತ್ತಾರೆ, ಕತ್ತರಿ ಮತ್ತು ಕ್ರೇಟ್‌ಗಳನ್ನು ಎಣಿಸಿಡುತ್ತಾರೆ. ಯಾವ ಬೆಳೆ, ಎಷ್ಟು ಹೊತ್ತಿಗೆ ಆರಂಭ, ಕುಡಿಯುವ ನೀರು ಮತ್ತು ಶೌಚಾಲಯ ಎಲ್ಲಿವೆ, ಮಕ್ಕಳನ್ನು ಕರೆತರಬಹುದೇ ಎಂದು ಕೇಳಿಕೊಳ್ಳಿ. ಕೊಯ್ದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ತಪ್ಪದೆ ಕೇಳಿ. ಸದಸ್ಯರ ಮನೆಗೆ ಅದೇ ದಿನ ಹೋಗುವ ಹಣ್ಣನ್ನು ಕೀಳುವ ಹದವೇ ಬೇರೆ, ಮೂರು ದಿನ ಇಟ್ಟು ಹಂಚುವ ಹಣ್ಣಿನ ಹದವೇ ಬೇರೆ.

ವಾಂತಿ, ಭೇದಿ, ಜ್ವರ ಇದ್ದರೆ ದಯವಿಟ್ಟು ಹೋಗಬೇಡಿ. ಮಾತು ಕೊಟ್ಟಿದ್ದೇನೆ ಎಂಬ ಸಂಕೋಚ ಇಲ್ಲಿ ಬೇಡವೇ ಬೇಡ. ಹಸಿಯಾಗಿ ತಿನ್ನುವ ಸೊಪ್ಪು, ಸೌತೆ, ಟೊಮೆಟೊಗಳ ಮೂಲಕ ಒಬ್ಬರ ಹೊಟ್ಟೆಯ ಸೋಂಕು ಹತ್ತಾರು ಮನೆಗಳಿಗೆ ಹರಡಬಲ್ಲದು. ವಾಂತಿ ಭೇದಿ ನಿಂತ ಮೇಲೂ ಕನಿಷ್ಠ 48 ಗಂಟೆ ಕಳೆಯಲಿ. ಧನುರ್ವಾಯು ಲಸಿಕೆ ಹಾಕಿಸಿಕೊಂಡು ಹತ್ತು ವರ್ಷ ದಾಟಿದ್ದರೆ ವೈದ್ಯರನ್ನು ಕಂಡು ಬನ್ನಿ. ಮಣ್ಣು, ತುಕ್ಕು ಹಿಡಿದ ತಂತಿ, ಮುಳ್ಳು ಎಲ್ಲವೂ ಇರುವ ಜಾಗವದು. ಜೇನು ಕಚ್ಚಿದರೆ ಮೈ ಊದಿಕೊಳ್ಳುವ ತೊಂದರೆ ಇದ್ದರೆ ಉಸ್ತುವಾರಿಯವರಿಗೆ ಮೊದಲೇ ಹೇಳಿಡಿ.

ಹಂತ 2: ಉಡುಪು

ತುಂಬುತೋಳಿನ ಹತ್ತಿಯ ಅಂಗಿ, ಉದ್ದನೆಯ ಪ್ಯಾಂಟ್, ಕಾಲನ್ನು ಪೂರ್ತಿ ಮುಚ್ಚುವ ಬೂಟು, ಅಗಲ ಅಂಚಿನ ಟೋಪಿ. ಸೆಕೆಗೆ ಅರ್ಧತೋಳು ಹಾಯೆನಿಸಿದರೂ ಬೆಂಡೆ ಸಾಲಿನಲ್ಲಿ ಹತ್ತು ನಿಮಿಷ ಕಳೆಯುವಷ್ಟರಲ್ಲಿ ಮುಂಗೈ ತುರಿಸತೊಡಗುತ್ತದೆ. ಬೆಂಡೆ, ಸೌತೆ, ಕುಂಬಳದ ಎಲೆಗಳ ಮೇಲಿನ ಸಣ್ಣ ಸುಂಕು ಚರ್ಮಕ್ಕೆ ಆಗುವುದಿಲ್ಲ. ಜೋಳದ ಎಲೆಯ ಅಂಚಂತೂ ಗರಗಸದಂತೆ ಗೀರುತ್ತದೆ.

ಉಂಗುರ, ಬಳೆ, ಕೈಗಡಿಯಾರ ಮನೆಯಲ್ಲೇ ಇರಲಿ. ಉಗುರು ಕತ್ತರಿಸಿಕೊಂಡು ಹೋಗಿ, ಉದ್ದ ಉಗುರು ಹಣ್ಣಿನ ಸಿಪ್ಪೆಯನ್ನು ಗೊತ್ತಾಗದಂತೆ ಸೀಳುತ್ತದೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಳಸುವವರು ಟೊಮೆಟೊ ಅಥವಾ ಮೆಣಸಿನ ಗಿಡ ಮುಟ್ಟುವ ಮುನ್ನ ಸಾಬೂನಿನಿಂದ ಚೆನ್ನಾಗಿ ಕೈ ತೊಳೆಯಲೇಬೇಕು. ತಂಬಾಕಿನ ಮೊಸಾಯಿಕ್ ವೈರಸ್ ಸಂಸ್ಕರಿಸಿದ ತಂಬಾಕಿನಲ್ಲೂ ಜೀವಂತ ಉಳಿದು, ಬೆರಳಿನಿಂದ ಈ ಗಿಡಗಳಿಗೆ ದಾಟುತ್ತದೆ. ಒಮ್ಮೆ ತಗಲಿದರೆ ಅದಕ್ಕೆ ಔಷಧವಿಲ್ಲ, ಗಿಡವನ್ನೇ ಕಿತ್ತು ಹಾಕಬೇಕಾಗುತ್ತದೆ.

ಹಂತ 3: ಮೊದಲ ಅರ್ಧ ಗಂಟೆ

ಕೊಯ್ಲು ಬೆಳಕು ಹರಿಯುತ್ತಿದ್ದಂತೆ ಶುರುವಾಗುತ್ತದೆ. ರಾತ್ರಿಯಿಡೀ ನೀರು ಕುಡಿದು, ತಂಪಾಗಿ, ಬಿಗಿಯಾಗಿರುವ ತರಕಾರಿ ಆಗ ಸಿಗುತ್ತದೆ. ಹೀಗಾಗಿ ತಡಮಾಡಿ ಹೋಗಬೇಡಿ. ಹೋದ ತಕ್ಷಣ ಸಾಬೂನು ಹಚ್ಚಿ 20 ಸೆಕೆಂಡು ಕೈ ತೊಳೆಯಿರಿ. ಏನಾದರೂ ತಿಂದ ಮೇಲೆ, ಶೌಚಾಲಯಕ್ಕೆ ಹೋಗಿ ಬಂದ ಮೇಲೆ ಮತ್ತೆ ತೊಳೆಯಿರಿ.

ನಂತರ ಉಸ್ತುವಾರಿಯವರು ತೋಟ ಸುತ್ತಿಸುತ್ತಾರೆ. ಆಗ ಎರಡು ವಿಷಯಗಳನ್ನು ಗಮನವಿಟ್ಟು ನೋಡಿ. ಮೊದಲನೆಯದು ದಾರಿ. ನಡೆಯಬೇಕಾದ್ದು ಸಾಲುಗಳ ನಡುವಿನ ಹಾದಿಯಲ್ಲಿ, ಬೆಳೆ ಇರುವ ಮಡಿಯ ಮೇಲಲ್ಲ. ಮಡಿಯ ಮಣ್ಣನ್ನು ಸಡಿಲವಾಗಿಸಲು ಅವರು ತಿಂಗಳುಗಟ್ಟಲೆ ದುಡಿದಿರುತ್ತಾರೆ. ಒಂದೊಂದು ಹೆಜ್ಜೆಯೂ ಅದನ್ನು ಗಟ್ಟಿಮಾಡಿ ಬೇರಿಗೆ ಗಾಳಿ ತಗಲದಂತೆ ಮಾಡುತ್ತದೆ. ಎರಡನೆಯದು ಮಾದರಿ. ಕೊಯ್ಯಬೇಕಾದ ಕಾಯಿ ಯಾವುದು, ಬಿಡಬೇಕಾದದ್ದು ಯಾವುದು ಎಂದು ಒಂದೊಂದನ್ನು ಕಿತ್ತು ತೋರಿಸಲು ಹೇಳಿ. ಸರಿಯಾದ ಗಾತ್ರದ ಕಾಯಿಯೊಂದನ್ನು ನಿಮ್ಮ ಕ್ರೇಟ್‌ನ ಮೂಲೆಯಲ್ಲಿ ಮಾದರಿಯಾಗಿ ಇಟ್ಟುಕೊಳ್ಳಿ. ಒಂದು ಗಂಟೆ ಕೊಯ್ದ ಮೇಲೆ ಕಣ್ಣಿನ ಅಳತೆ ತಾನಾಗಿಯೇ ಜಾರುತ್ತದೆ, ಸಣ್ಣವೂ ದೊಡ್ಡದಾಗಿ ಕಾಣತೊಡಗುತ್ತವೆ. ಆಗ ಮೂಲೆಯ ಆ ಕಾಯಿಯನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ.

ಯಾವುದಾದರೂ ಸಾಲಿಗೆ ಇತ್ತೀಚೆಗೆ ಔಷಧ ಸಿಂಪಡಿಸಿದ್ದಾರೆಯೇ ಎಂದೂ ಕೇಳಿ. ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಬಿಡಬೇಕೆಂದು ಔಷಧದ ಚೀಟಿಯ ಮೇಲೆಯೇ ಬರೆದಿರುತ್ತದೆ. ಸಾವಯವ ತೋಟದಲ್ಲಿಯೂ ಈ ಪ್ರಶ್ನೆ ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ.

ಹಂತ 4: ಯಾವುದು ಮೊದಲು, ಯಾವುದು ಆಮೇಲೆ

ಸೊಪ್ಪು ಎಲ್ಲಕ್ಕಿಂತ ಮೊದಲು, ಬಿಸಿಲು ತಾಕುವ ಮುನ್ನ. ಆಮೇಲೆ ಸೌತೆ, ಬೆಂಡೆ, ಬದನೆ. ನಂತರ ಟೊಮೆಟೊ. ಗೆಡ್ಡೆಗಳು ಮತ್ತು ಕುಂಬಳ ಕೊನೆಗೆ, ಅವು ಸ್ವಲ್ಪ ತಡೆದುಕೊಳ್ಳುತ್ತವೆ. ಈ ಕ್ರಮದಿಂದ ಹೊರಗೆ ನಿಲ್ಲುವುದು ಬೀನ್ಸ್. ಎಲೆಯ ಮೇಲೆ ಇಬ್ಬನಿ ಇರುವಾಗ ಬೀನ್ಸ್ ಸಾಲಿಗೆ ಕಾಲಿಡಬಾರದು. ತುಕ್ಕುರೋಗ, ಬ್ಯಾಕ್ಟೀರಿಯಾದಿಂದ ಬರುವ ಎಲೆಚುಕ್ಕೆ ಮುಂತಾದವು ಒದ್ದೆ ಎಲೆಯಿಂದ ನಮ್ಮ ಕೈ ಮತ್ತು ಬಟ್ಟೆಗೆ ಅಂಟಿ ಸಾಲಿನ ಉದ್ದಕ್ಕೂ ಹರಡುತ್ತವೆ. ಇಬ್ಬನಿ ಆರಲಿ, ಅಲ್ಲಿಯವರೆಗೆ ಬೇರೆ ಕೆಲಸ ಬೇಕಾದಷ್ಟಿರುತ್ತದೆ.

ಹಂತ 5: ಹದ ನೋಡುವುದು

ಕೊಯ್ಲಿನ ಜಾಣ್ಮೆಯೆಲ್ಲ ಇಲ್ಲಿದೆ. ಪ್ರತಿಯೊಂದು ಬೆಳೆಯೂ ತನ್ನ ಹದವನ್ನು ಒಂದು ಗುರುತಿನಿಂದ ಹೇಳುತ್ತದೆ. ಕೆಲವು ಕಣ್ಣಿಗೆ ಕಾಣುತ್ತವೆ, ಕೆಲವನ್ನು ಬೆರಳಿನಿಂದಲೇ ಅರಿಯಬೇಕು.

ಬೆಂಡೆಯಲ್ಲಿ ಹೂ ಅರಳಿದ 4ರಿಂದ 6 ದಿನಗಳಲ್ಲಿ ಕಾಯಿ ಕೊಯ್ಲಿಗೆ ಬರುತ್ತದೆ. 7ರಿಂದ 10 ಸೆಂಟಿಮೀಟರ್ ಉದ್ದ ಸಾಕು. ಅನುಮಾನವಿದ್ದರೆ ಒಂದು ಕಾಯಿಯ ತುದಿ ಮುರಿದು ನೋಡಿ. ಲಟಕ್ಕೆಂದು ಮುರಿದರೆ ಎಳೆಯದು, ಬಾಗಿ ನಾರು ಬಿಟ್ಟರೆ ಬಲಿತಿದೆ. ತೋಟದಲ್ಲಿ ಈ ಪರೀಕ್ಷೆ ಒಂದೆರಡು ಕಾಯಿಗೆ ಸಾಕು, ಸಿಕ್ಕಿದ್ದನ್ನೆಲ್ಲ ಮುರಿಯುತ್ತ ಹೋಗಬೇಡಿ. ಬಲಿತ ಕಾಯಿಯನ್ನು ಗಿಡದಲ್ಲೇ ಬಿಟ್ಟುಬಿಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಕಾಯಿ ಬಲಿತು ಬೀಜವಾಗತೊಡಗಿದರೆ ಗಿಡದ ಶಕ್ತಿಯೆಲ್ಲ ಅದಕ್ಕೇ ಹೋಗಿ ಹೊಸ ಕಾಯಿ ಬಿಡುವುದು ಕಡಿಮೆಯಾಗುತ್ತದೆ. ಬಲಿತದ್ದನ್ನೂ ಕತ್ತರಿಸಿ ಬೇರೆ ಬಕೆಟ್‌ಗೆ ಹಾಕಿ. ಸೌತೆ ಮತ್ತು ಬೀನ್ಸ್‌ಗೂ ಈ ಮಾತು ಅನ್ವಯಿಸುತ್ತದೆ.

ಸೌತೆಕಾಯಿ ಎಲೆಯ ಅಡಿ ಅಡಗಿ ಕೂತಿರುತ್ತದೆ. ಸಾಲಿನ ಒಂದು ಬದಿಯಿಂದ ಹೋಗಿ, ಮತ್ತೊಂದು ಬದಿಯಿಂದ ಹಿಂತಿರುಗಿ ಬನ್ನಿ. ಹೋಗುವಾಗ ಕಾಣದ ನಾಲ್ಕು ಕಾಯಿ ಬರುವಾಗ ಕಾಣುತ್ತವೆ. ಎಳೆಯಬೇಡಿ, ಸ್ವಲ್ಪ ತೊಟ್ಟು ಉಳಿಯುವಂತೆ ಕತ್ತರಿಸಿ. ಬಳ್ಳಿಯನ್ನು ತಿರುವಿ ಹಾಕಿದರೆ ಅದು ಮತ್ತೆ ಮೊದಲಿನಂತೆ ಚೇತರಿಸಿಕೊಳ್ಳುವುದು ಕಷ್ಟ.

ಬದನೆಯ ಹದ ಹೊಳಪಿನಲ್ಲಿದೆ. ಸಿಪ್ಪೆ ಮಿರಿಮಿರಿ ಮಿಂಚುತ್ತಿರಬೇಕು. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಾಗ ತಗ್ಗು ಬಿದ್ದು ಮತ್ತೆ ಮೇಲೇಳಬೇಕು. ತಗ್ಗು ಹಾಗೆಯೇ ಉಳಿದು, ಸಿಪ್ಪೆ ಮಂಕಾಗಿದ್ದರೆ ಒಳಗೆ ಬೀಜ ಗಟ್ಟಿಯಾಗಿದೆ. ಇದರ ತೊಟ್ಟು ಕಟ್ಟಿಗೆಯಂತಿರುವುದರಿಂದ ಕತ್ತರಿಯೇ ಬೇಕು, ತೊಟ್ಟಿನ ಮುಳ್ಳು ಪಕ್ಕದ ಕಾಯಿಗೆ ಚುಚ್ಚದಂತೆ ಜೋಡಿಸಬೇಕು.

ಟೊಮೆಟೊ ಪೂರ್ತಿ ಕೆಂಪಾಗುವವರೆಗೆ ಗಿಡದಲ್ಲೇ ಇರಬೇಕೆಂದು ಹಲವರು ನಂಬಿದ್ದಾರೆ. ಹಾಗೇನಿಲ್ಲ. ಹಣ್ಣಿನ ಬುಡದಲ್ಲಿ ತಿಳಿ ಗುಲಾಬಿ ಬಣ್ಣ ಮೂಡಿತೆಂದರೆ ಅದು ಗಿಡದಿಂದ ಬೇರ್ಪಟ್ಟ ಮೇಲೂ ಚೆನ್ನಾಗಿ ಹಣ್ಣಾಗುತ್ತದೆ. ಬಿರುಕು, ಹಕ್ಕಿಯ ಕೊಕ್ಕು, ಬಿಸಿಲ ಕಲೆ ಇವೆಲ್ಲದರಿಂದಲೂ ಪಾರಾಗುತ್ತದೆ. ಯಾವ ಬಣ್ಣದಲ್ಲಿ ಕೀಳಬೇಕೆಂದು ಉಸ್ತುವಾರಿಯವರು ಹೇಳಿದಂತೆ ಮಾಡಿ.

ಮೆಣಸಿನ ಗಿಡದ ರೆಂಬೆ ಬಹಳ ಬೇಗ ಮುರಿಯುತ್ತದೆ. ಒಂದು ಕೈಯಲ್ಲಿ ರೆಂಬೆ ಹಿಡಿದು, ಇನ್ನೊಂದು ಕೈಯಲ್ಲಿ ಕಾಯಿಯನ್ನು ತೊಟ್ಟಿನ ಸಮೇತ ಮೇಲ್ಮುಖವಾಗಿ ಬಿಡಿಸಿ. ಕೈಗವಸು ಹಾಕಿಕೊಂಡಿರಿ, ಹಾಗಿದ್ದರೂ ಕಣ್ಣು ಮುಟ್ಟಿಕೊಳ್ಳಬೇಡಿ. ಬೀನ್ಸ್‌ಗೂ ಎರಡು ಕೈ ಬೇಕು. ಸಿಪ್ಪೆಯ ಮೇಲೆ ಕಾಳಿನ ಉಬ್ಬು ಎದ್ದು ಕಾಣುತ್ತಿದ್ದರೆ ಅದು ಬಲಿತಿದೆ.

ಸೊಪ್ಪಿನಲ್ಲಿ ಎರಡು ಬಗೆ. ಬುಡಸಮೇತ ಕಿತ್ತು ಕಟ್ಟು ಕಟ್ಟುವುದು ಒಂದು, ಹೊರಗಿನ ಎಲೆಗಳನ್ನು ಮಾತ್ರ ಕೊಯ್ದು ನಡುವಿನ ಸುಳಿಯನ್ನು ಬಿಡುವುದು ಮತ್ತೊಂದು. ಸುಳಿ ಉಳಿದರೆ ಅದೇ ಬುಡ ಮತ್ತೆ ಮತ್ತೆ ಚಿಗುರುತ್ತದೆ. ಯಾವ ಬಗೆಯೆಂದು ಕೇಳದೆ ಕುಡುಗೋಲು ಹಾಕಿದರೆ ಮುಂದಿನ ಎರಡು ಮೂರು ಕೊಯ್ಲು ಅಲ್ಲಿಗೇ ನಿಂತುಹೋಗುತ್ತದೆ. ಎಲೆಕೋಸನ್ನು ಅಂಗೈಯಿಂದ ಒತ್ತಿ ನೋಡಿ, ಕಲ್ಲಿನಂತೆ ಗಟ್ಟಿಯಾಗಿದ್ದರೆ ಕೊಯ್ಯಿರಿ. ಹೊರಗಿನ ಎರಡು ಮೂರು ಎಲೆ ಅದಕ್ಕೆ ಹೊದಿಕೆಯಾಗಿ ಇರಲಿ.

ಸಿಹಿ ಜೋಳದ ತೆನೆಯ ರೇಷ್ಮೆ ಒಣಗಿ ಕಂದಾಗಿರಬೇಕು, ಹೊದಿಕೆ ಹಸಿರಾಗಿರಬೇಕು. ಒಂದು ತೆನೆಯ ಹೊದಿಕೆಯನ್ನು ತುಸು ಸರಿಸಿ ಕಾಳಿಗೆ ಉಗುರು ಊರಿ. ನೀರು ಬಂದರೆ ಎಳೆಯದು, ಹಾಲು ಬಂದರೆ ಹದ, ಹಿಟ್ಟಿನಂತಿದ್ದರೆ ತಡವಾಗಿದೆ. ಕೊಯ್ದ ಗಳಿಗೆಯಿಂದಲೇ ಅದರ ಸಕ್ಕರೆ ಪಿಷ್ಟವಾಗತೊಡಗುತ್ತದೆ, ಹಾಗಾಗಿ ಜೋಳದ ಕ್ರೇಟ್ ನೆರಳು ಸೇರಲು ಒಂದು ಕ್ಷಣವೂ ತಡವಾಗಬಾರದು.

ನೆಲದೊಳಗಿನವಕ್ಕೆ ತಾಳ್ಮೆ ಬೇಕು. ಕ್ಯಾರೆಟ್, ಮೂಲಂಗಿ, ಬೀಟ್‌ರೂಟ್‌ಗಳ ಭುಜ ಮಣ್ಣಿನಿಂದ ಮೇಲೆ ಇಣುಕುತ್ತಿರುತ್ತದೆ, ಬೆರಳಿನಿಂದ ಮಣ್ಣು ಸರಿಸಿ ದಪ್ಪ ನೋಡಬಹುದು. ಮಣ್ಣು ಗಟ್ಟಿಯಾಗಿದ್ದರೆ ಗೆಡ್ಡೆಯಿಂದ ಒಂದು ಗೇಣು ದೂರದಲ್ಲಿ ಸಣ್ಣ ಗುದ್ದಲಿಯಿಂದ ಸಡಿಲಿಸಿ, ಆಮೇಲೆ ಎಲೆಯ ಬುಡ ಹಿಡಿದು ಎತ್ತಿ. ಕೂಡಿಡಬೇಕಾದ ಗೆಡ್ಡೆಗಳ ಎಲೆಯನ್ನು ಅಲ್ಲಿಯೇ ತಿರುಚಿ ತೆಗೆದುಬಿಡಿ. ಎಲೆ ಇದ್ದಷ್ಟು ಹೊತ್ತೂ ಗೆಡ್ಡೆಯ ನೀರನ್ನು ಹೀರುತ್ತಿರುತ್ತದೆ, ಸಂಜೆಗೆ ಕ್ಯಾರೆಟ್ ರಬ್ಬರಿನಂತಾಗುತ್ತದೆ.

ಆಲೂಗಡ್ಡೆಯ ಸಿಪ್ಪೆಯನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ. ಸುಲಿದು ಬಂದರೆ ಕೂಡಿಡಲು ಅದು ಇನ್ನೂ ಸಿದ್ಧವಾಗಿಲ್ಲ. ಗಿಡ ಒಣಗಿದ ಮೇಲೆ ಸುಮಾರು ಎರಡು ವಾರ ಮಣ್ಣಿನಲ್ಲೇ ಬಿಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ. ಕಿತ್ತದ್ದನ್ನು ಬೆಳಕಿನಲ್ಲಿ ಬಿಡಬೇಡಿ. ಹಸಿರುಗಟ್ಟಿದ ಆಲೂಗಡ್ಡೆಯಲ್ಲಿ ಸೋಲನಿನ್ ಎಂಬ ವಿಷಕಾರಿ ಅಂಶ ಹೆಚ್ಚಿರುತ್ತದೆ. ಈರುಳ್ಳಿಯ ಅರ್ಧದಷ್ಟು ಗಿಡಗಳ ಕತ್ತು ತಾನಾಗಿ ಬಾಗಿ ಮಲಗಿದಾಗ ಕೀಳುವ ಹೊತ್ತು ಬಂದಿತೆಂದು ತಿಳಿಯಬೇಕು. ಕಿತ್ತ ಮೇಲೆ ಗಾಳಿಯಾಡುವ ನೆರಳಿನಲ್ಲಿ ಎರಡು ಮೂರು ವಾರ ಒಣಗಬೇಕು. ಕುಂಬಳದ ಸಿಪ್ಪೆಗೆ ಉಗುರು ಇಳಿಯಬಾರದು, ತೊಟ್ಟು ಒಣಗಿ ಬೆಂಡಾಗಿರಬೇಕು. 5ರಿಂದ 8 ಸೆಂಟಿಮೀಟರ್ ತೊಟ್ಟು ಬಿಟ್ಟು ಕೊಯ್ಯಿರಿ, ಆ ತೊಟ್ಟನ್ನೇ ಹಿಡಿಕೆ ಮಾಡಿಕೊಂಡು ಎತ್ತಬೇಡಿ. ತೊಟ್ಟು ಕಳಚಿದ ಕುಂಬಳ ಆ ಗಾಯದಿಂದಲೇ ಕೊಳೆಯಲು ಆರಂಭಿಸುತ್ತದೆ.

ಹಂತ 6: ಕ್ರೇಟ್ ತುಂಬುವುದು, ನೆರಳು ಸೇರಿಸುವುದು

ಕಾಯಿಯನ್ನು ಕ್ರೇಟ್‌ನಲ್ಲಿ ಇಡಬೇಕು, ಎಸೆಯಬಾರದು. ನಾನು ಹೊಸಬರಿಗೆ ಹೇಳುವುದು ಒಂದೇ: ಕೈ ಕ್ರೇಟ್‌ನ ತಳ ಮುಟ್ಟಿದ ಮೇಲೆ ಬೆರಳು ಬಿಡಿಸಿ. ನಿಂತಲ್ಲಿಂದಲೇ ಬೀಳಿಸಿದ ಟೊಮೆಟೊಗೆ ಹೊರಗೆ ಏನೂ ಆಗಿರುವುದಿಲ್ಲ. ಒಳಗಿನ ತಿರುಳು ಒಡೆದಿರುತ್ತದೆ, ಮೂರನೆಯ ದಿನ ಅಲ್ಲಿ ಮೆತ್ತಗಾಗಿ ನೀರಾಡುತ್ತದೆ. ಟೊಮೆಟೊ ತೊಟ್ಟನ್ನು ತೆಗೆದುಬಿಡಿ ಅಥವಾ ತೊಟ್ಟು ಪಕ್ಕದ ಹಣ್ಣಿಗೆ ತಾಗದಂತೆ ತಿರುಗಿಸಿಡಿ. ಮೂರು ಪದರಕ್ಕಿಂತ ಹೆಚ್ಚು ಬೇಡ. ಕ್ರೇಟ್‌ನ ಅಂಚಿಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ, ಮೇಲೆ ಇನ್ನೊಂದು ಕ್ರೇಟ್ ಕೂರುತ್ತದೆ ಎಂಬುದು ನೆನಪಿರಲಿ. ಮಣ್ಣಿನ ಮೇಲೆ ಇಟ್ಟ ಕ್ರೇಟ್ ಅನ್ನು ತುಂಬಿದ ಕ್ರೇಟ್‌ನ ಮೇಲೆ ಪೇರಿಸಿದರೆ ತಳದ ಮಣ್ಣೆಲ್ಲ ಕೆಳಗಿನ ತರಕಾರಿಯ ಮೇಲೆ ಬೀಳುತ್ತದೆ. ಎಲ್ಲಕ್ಕಿಂತ ಕೆಳಗೆ ಒಂದು ಖಾಲಿ ಕ್ರೇಟ್ ಇಟ್ಟುಕೊಂಡರೆ ಈ ತೊಂದರೆ ಇರುವುದಿಲ್ಲ.

ಕೊಯ್ದ ಮೇಲೂ ತರಕಾರಿ ಉಸಿರಾಡುತ್ತಲೇ ಇರುತ್ತದೆ. ಶಾಖ 10 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಆ ಉಸಿರಾಟ ಎರಡು ಮೂರು ಪಟ್ಟು ಹೆಚ್ಚುತ್ತದೆ, ಅಷ್ಟೇ ವೇಗವಾಗಿ ಅದು ಬಾಡುತ್ತದೆ. ಹಾಗಾಗಿ ಸಾಲು ಮುಗಿಯಲೆಂದು ಕಾಯಬೇಡಿ, ಕ್ರೇಟ್ ತುಂಬಿದ ಕೂಡಲೇ ನೆರಳಿಗೆ ಸಾಗಿಸಿ. ಸೊಪ್ಪಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಗೋಣಿಯ ನೀರು ಆವಿಯಾಗುತ್ತ ಕೆಳಗಿನ ಗಾಳಿಯನ್ನು ತಂಪಾಗಿಸುತ್ತದೆ. ಗೋಣಿ ಸ್ವಚ್ಛವಾಗಿರಲಿ, ನೀರು ಕುಡಿಯಲು ಯೋಗ್ಯವಾದದ್ದಾಗಿರಲಿ. ಮಾಗಿದ ಟೊಮೆಟೊ ಕ್ರೇಟ್‌ಗಳನ್ನು ಸೊಪ್ಪು ಮತ್ತು ಸೌತೆಯಿಂದ ದೂರವಿಡಿ. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಅವು ಬೇಗ ಹಳದಿಯಾಗುತ್ತವೆ.

ಹಂತ 7: ಕೊಯ್ಯಬಾರದ್ದು ಮತ್ತು ಬೇರ್ಪಡಿಸಬೇಕಾದ್ದು

ಹಕ್ಕಿ ಅಥವಾ ಪ್ರಾಣಿಯ ಹಿಕ್ಕೆ ಬಿದ್ದ ಕಾಯಿಯನ್ನು ಮುಟ್ಟಬೇಡಿ, ತೊಳೆದರೆ ಸರಿಹೋಗುತ್ತದೆ ಎಂದು ಕೊಯ್ಯಲೂಬೇಡಿ. ಆ ಜಾಗಕ್ಕೊಂದು ಗುರುತಿಟ್ಟು ಉಸ್ತುವಾರಿಯವರನ್ನು ಕರೆಯಿರಿ. ನಿಮ್ಮ ಬೆರಳು ಕೊಯ್ದುಕೊಂಡರೂ ಹಾಗೆಯೇ, ರಕ್ತ ತಗಲಿದ್ದನ್ನೆಲ್ಲ ಎಸೆದು, ಗಾಯ ತೊಳೆದು, ಪಟ್ಟಿ ಕಟ್ಟಿ, ಮೇಲೆ ಕೈಗವಸು ಹಾಕಿದ ನಂತರವೇ ಕೆಲಸಕ್ಕೆ ಮರಳಿ.

ಕೊಳೆತದ್ದನ್ನು ಬೇರೆ ಬಕೆಟ್‌ಗೆ ಹಾಕಿ ಗೊಬ್ಬರದ ಗುಂಡಿಗೆ ಒಯ್ಯಿರಿ. ಒಳ್ಳೆಯ ಹಣ್ಣನ್ನು ಮುಟ್ಟುವ ಕೈಯಿಂದಲೇ ಕೊಳೆತದ್ದನ್ನೂ ಹಿಡಿಯುತ್ತ ಹೋದರೆ ಶಿಲೀಂಧ್ರ ಎಲ್ಲಕ್ಕೂ ಅಂಟುತ್ತದೆ, ಆದ್ದರಿಂದ ಆ ಕೆಲಸವನ್ನು ಸಾಲಿನ ಕೊನೆಗೆ ಒಟ್ಟಿಗೆ ಮಾಡುವುದು ಮೇಲು. ಸೊಟ್ಟಗಿರುವುದು, ಸಣ್ಣದಿರುವುದು, ಹುಳು ಒಂದು ಎಲೆ ತಿಂದಿರುವುದು ಕೊಳೆತದ್ದಲ್ಲ. ಅದಕ್ಕೊಂದು ಪ್ರತ್ಯೇಕ ಕ್ರೇಟ್ ಇಡಿ. ಅದೇ ದಿನ ಬೇಯಿಸುವವರಿಗೆ ಅದು ಉಳಿದದ್ದರಷ್ಟೇ ಒಳ್ಳೆಯದು.

ಹಂತ 8: ತೊಳೆಯುವುದು

ಈರುಳ್ಳಿ, ಬೆಳ್ಳುಳ್ಳಿ, ಕೂಡಿಡುವ ಆಲೂಗಡ್ಡೆ, ಕುಂಬಳ ಇವನ್ನು ತೊಳೆಯಬಾರದು. ಮಣ್ಣು ಕೊಡವಿದರೆ ಸಾಕು. ಸೊಪ್ಪು ಮತ್ತು ಎಳೆ ಗೆಡ್ಡೆಗಳನ್ನು ತಣ್ಣೀರಿನಲ್ಲಿ ಅದ್ದಿ ಎತ್ತಬಹುದು, ನೀರು ಕಲಕಿದ ಕೂಡಲೇ ಬದಲಿಸಬೇಕು. ಟೊಮೆಟೊ ವಿಷಯದಲ್ಲಿ ಎಚ್ಚರ ಬೇಕು. ಬಿಸಿಲಿಗೆ ಬೆಚ್ಚಗಾದ ಹಣ್ಣನ್ನು ತಣ್ಣೀರಿಗೆ ಹಾಕಿದರೆ ಒಳಗಿನ ಗಾಳಿ ಕುಗ್ಗಿ, ತೊಟ್ಟಿನ ಗಾಯದ ಮೂಲಕ ನೀರನ್ನೂ ಅದರಲ್ಲಿರುವ ರೋಗಾಣುಗಳನ್ನೂ ಹೀರಿಕೊಳ್ಳುತ್ತದೆ. ತೊಳೆಯಲೇಬೇಕಿದ್ದರೆ ನೀರು ಹಣ್ಣಿಗಿಂತ ಸುಮಾರು 5 ಡಿಗ್ರಿ ಬೆಚ್ಚಗಿರಲಿ.

ನಡುವೆ ನಿಮ್ಮ ಮೈಯ ಕಡೆಗೂ ಗಮನವಿರಲಿ

ಬಾಯಾರಲಿ ಎಂದು ಕಾಯದೆ 15ರಿಂದ 20 ನಿಮಿಷಕ್ಕೊಮ್ಮೆ ಒಂದು ಲೋಟ ನೀರು ಕುಡಿಯಿರಿ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಬಂದರೆ ಕೂಡಲೇ ನೆರಳಿಗೆ ಹೋಗಿ ಕೂತುಕೊಳ್ಳಿ. ಜೊತೆಯವರ ಮಾತು ತೊದಲುತ್ತಿದ್ದರೆ ಅಥವಾ ಗೊಂದಲಗೊಂಡಂತೆ ಕಂಡರೆ ಅದು ಬಿಸಿಲಾಘಾತವಿರಬಹುದು. ಆಂಬುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಮೈಮೇಲೆ ನೀರು ಹಾಕಿ ಗಾಳಿ ಬೀಸಿ.

ಬಗ್ಗಿ ಕೊಯ್ಯುವಾಗ ಸೊಂಟದಿಂದ ಬಾಗುವುದಕ್ಕಿಂತ ಒಂದು ಮಂಡಿಯೂರಿ ಕೂರುವುದು ಒಳ್ಳೆಯದು. ಅರ್ಧ ಗಂಟೆಗೊಮ್ಮೆ ಮಂಡಿ ಬದಲಿಸಿ. ಕ್ರೇಟ್ ಎತ್ತುವಾಗ ಮಂಡಿ ಮಡಚಿ, ಮೈಗೆ ಒತ್ತಿ ಹಿಡಿದು ಎದ್ದೇಳಿ. ಭಾರವೆನಿಸಿದರೆ ಇಬ್ಬರು ಹಿಡಿಯಿರಿ, ಒಬ್ಬರೇ ಎತ್ತಿ ತೋರಿಸಬೇಕಾದ ಅಗತ್ಯ ಯಾರಿಗೂ ಇಲ್ಲ. ಕುಡುಗೋಲು ಅಥವಾ ಚಾಕುವನ್ನು ಕೈಯಿಂದ ಕೈಗೆ ಕೊಡುವ ಬದಲು ಕೆಳಗಿಡಿ, ಬೇಕಾದವರು ತೆಗೆದುಕೊಳ್ಳಲಿ. ಬಳಸದಿರುವಾಗ ಹುಲ್ಲಿನಲ್ಲಿ ಬಿಡಬೇಡಿ.

ಹಂತ 9: ಮುಗಿಸಿ ಹೊರಡುವಾಗ

ತೂಕ ಹಾಕಿ, ಬೆಳೆ, ಸಾಲು, ದಿನಾಂಕ ಬರೆದ ಚೀಟಿಯನ್ನು ಪ್ರತಿ ಕ್ರೇಟ್‌ಗೂ ಹಾಕಿ. ಯಾರಿಗಾದರೂ ತೊಂದರೆಯಾದರೆ ಯಾವ ಸಾಲಿನದೆಂದು ಹುಡುಕಲು ಆ ಚೀಟಿಯೊಂದೇ ದಾರಿ. ಕತ್ತರಿ, ಚಾಕುಗಳನ್ನು ಎಣಿಸಿ, ತೊಳೆದು, ಒರೆಸಿ, ಒಣಗಿಸಿ ಇಡಿ. ಬೆಳಿಗ್ಗೆ ಎಷ್ಟು ಕೊಟ್ಟಿದ್ದರೋ ಅಷ್ಟೂ ಮರಳಿ ಸಿಗಬೇಕು. ಖಾಲಿ ಕ್ರೇಟ್‌ಗಳನ್ನು ತೊಳೆದು ಬಿಸಿಲಿಗೆ ಕವುಚಿ ಹಾಕಿ. ನಿಮ್ಮ ಪಾಲೆಂದು ತೋಟದವರು ಕೊಟ್ಟಷ್ಟನ್ನು ಸಂತೋಷದಿಂದ ತೆಗೆದುಕೊಳ್ಳಿ. ಕೇಳದೆ ಚೀಲಕ್ಕೆ ಹಾಕಿಕೊಂಡರೆ ಅವರ ಲೆಕ್ಕ ತಪ್ಪುತ್ತದೆ.

ಟೊಮೆಟೊ ಸಾಲಿನಲ್ಲಿ ದುಡಿದಿದ್ದರೆ ಬೆರಳುಗಳಿಗೆ ಹಸಿರುಗಪ್ಪು ಜಿಗುಟು ಅಂಟಿರುತ್ತದೆ. ಗಿಡದ ರೋಮಗಳಿಂದ ಬರುವ ಆ ರಸ ಬರಿಯ ಸಾಬೂನಿಗೆ ಸುಲಭವಾಗಿ ಹೋಗುವುದಿಲ್ಲ. ಹುಳಿಯಿರುವ ಏನನ್ನಾದರೂ, ಒಡೆದ ಟೊಮೆಟೊವನ್ನೇ ಆದರೂ, ಉಜ್ಜಿ ಆಮೇಲೆ ಸಾಬೂನು ಹಚ್ಚಿ. ಕೈಯಿಂದ ಹಳದಿಹಸಿರು ನೀರು ಇಳಿಯುತ್ತದೆ.

ಹೊರಡುವ ಮುನ್ನ ಮುಂದಿನ ಕೊಯ್ಲಿನ ಪಟ್ಟಿಯಲ್ಲಿ ಹೆಸರು ಬರೆಸಿ, ಆಗುವುದಾದರೆ ಅದೇ ಸಾಲಿಗೇ. ಎಳೆಯದೆಂದು ನೀವು ಈ ಬೆಳಿಗ್ಗೆ ಬಿಟ್ಟುಬಂದ ಬೆರಳುದ್ದದ ಸೌತೆ ಯಾವ ಎಲೆಯ ಅಡಿಯಲ್ಲಿದೆ ಎಂದು ನಿಮಗೆ ಗೊತ್ತು. ನಾಡಿದ್ದು ಅದು ಹದಕ್ಕೆ ಬಂದಿರುತ್ತದೆ.